ಸಹಾಯಕಿಯಿಂದ ಸುರಕ್ಷಣಾಧಿಕಾರಿ: ನರ್ಸಮ್ಮನ ಯಶಸ್ಸಿಗೆ 12 ಸೂತ್ರಗಳು

ಬಂಗಾರಪೇಟೆ ದಾಟಿ ಜೋಲಾರ್‌ಪೇಟೆ ಕಡೆಗೆ ಸಾಗುವ ರೈಲು ಹಳಿಯ ಮೇಲೆ ಕಾಮಸಮುದ್ರ ಸಿಗುತ್ತದೆ. ಇಲ್ಲಿಗೆ ಆಂಧ್ರವೂ ಹತ್ತಿರ, ತಮಿಳುನಾಡೂ ಹತ್ತಿರ. ಈ ಹೋಬಳಿಯ ಹಳ್ಳಿಗಳಲ್ಲಿ ಡಾಕ್ಟರ ಹೆಸರು ಗೊತ್ತಿಲ್ಲದ ಮನೆ ಇದ್ದೀತು, ನರ್ಸಮ್ಮನ ಗುರುತಿಲ್ಲದ ಮನೆ ಸಿಗುವುದು ಕಷ್ಟ. ಬಸುರಿಯ ಹೆಸರು ಬರೆದುಕೊಳ್ಳುವವರು ಅವರು, ಮಗುವಿಗೆ ಲಸಿಕೆ ಹಾಕುವವರು ಅವರು, ಅಜ್ಜನ ಬಿಪಿ ನೋಡುವವರೂ ಅವರೇ.

ಅಮೆರಿಕದಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಓದಿ, ಪರೀಕ್ಷೆ ಬರೆದು, ರಾಜ್ಯದ ಪರವಾನಗಿ ಪಡೆದು ಕೆಲಸ ಮಾಡುವವರಿಗೆ 'ಲೈಸೆನ್ಸ್ಡ್ ಪ್ರಾಕ್ಟಿಕಲ್ ನರ್ಸ್' ಎನ್ನುತ್ತಾರೆ. ನಮ್ಮಲ್ಲಿ ಅವರಿಗೆ ತೀರಾ ಹತ್ತಿರದವರು ಎಎನ್‌ಎಂ (ಆಕ್ಸಿಲರಿ ನರ್ಸ್ ಮಿಡ್‌ವೈಫ್) ಓದಿದ ಸಿಸ್ಟರ್‌ಗಳು. ಕರ್ನಾಟಕ ಸರ್ಕಾರ ಅವರನ್ನು ಬಹುಕಾಲ 'ಕಿರಿಯ ಮಹಿಳಾ ಆರೋಗ್ಯ ಸಹಾಯಕಿ' ಎಂದು ಕರೆಯಿತು. ಈಗ ಅವರ ಪದನಾಮ 'ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ'. ಸಹಾಯಕಿ ಅಧಿಕಾರಿಯಾದರು. ಪದನಾಮವನ್ನು ಒಂದು ಆದೇಶ ಬದಲಿಸುತ್ತದೆ. ಊರವರ ಕಣ್ಣಿನಲ್ಲಿ, ಡಾಕ್ಟರ ಕಣ್ಣಿನಲ್ಲಿ ಆ ಸ್ಥಾನ ಗಟ್ಟಿಯಾಗುವುದು ದಿನನಿತ್ಯದ ಕೆಲಸದಿಂದ. ಈ ವೃತ್ತಿಗೆ ಬರುತ್ತಿರುವ, ಈಗಾಗಲೇ ಬಂದಿರುವ ಹೆಣ್ಣುಮಕ್ಕಳಿಗಾಗಿ ಇಲ್ಲಿ ಹನ್ನೆರಡು ಸೂತ್ರಗಳಿವೆ.

1. ಫೀಸು ಕಟ್ಟುವ ಮೊದಲು ಮಾನ್ಯತೆ ನೋಡಿ

'ಆರು ತಿಂಗಳಲ್ಲಿ ನರ್ಸಿಂಗ್, ಕೆಲಸ ಗ್ಯಾರಂಟಿ' ಎಂಬ ಬೋರ್ಡು ಕಂಡರೆ ಅಲ್ಲೇ ನಿಂತು ಯೋಚಿಸಿ. ಎಎನ್‌ಎಂ ಎರಡು ವರ್ಷದ ಕೋರ್ಸು, ಅದರಲ್ಲಿ ಕೊನೆಯ ಆರು ತಿಂಗಳು ಇಂಟರ್ನ್‌ಶಿಪ್. ಪಿಯುಸಿ ಪಾಸಾಗಿರಬೇಕು, 17 ವರ್ಷ ತುಂಬಿರಬೇಕು. ಜಿಎನ್‌ಎಂ (ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ) ಮೂರು ವರ್ಷ, ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷ. ಇದಕ್ಕಿಂತ ಚಿಕ್ಕ ದಾರಿಯಲ್ಲಿ ಯಾರೂ ನಿಮ್ಮನ್ನು ನೋಂದಾಯಿತ ನರ್ಸ್ ಮಾಡಲಾರರು. ರೋಗಿ ಆರೈಕೆಯ ಸಣ್ಣ ಕೋರ್ಸುಗಳಿಂದ ಹೋಂ ನರ್ಸ್ ಕೆಲಸ ಸಿಗಬಹುದು, ನರ್ಸಿಂಗ್ ಕೌನ್ಸಿಲ್‌ನ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಕಾಲೇಜಿಗೆ ಸರ್ಕಾರದ ಅನುಮತಿ ಇದೆಯೇ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಇದೆಯೇ, ಪರೀಕ್ಷೆ ನಡೆಸುವ ಮಂಡಳಿ ಯಾವುದು, ಹೆರಿಗೆ ಕಲಿಯಲು ಯಾವ ಆಸ್ಪತ್ರೆಗೆ ಕಳಿಸುತ್ತಾರೆ ಎಂಬ ನಾಲ್ಕು ಪ್ರಶ್ನೆ ಕೇಳಿ. ಉತ್ತರ ಬಾಯಿಮಾತಿನಲ್ಲಿ ಸಾಲದು, ಕಾಗದ ತೋರಿಸಲಿ. ಅಪ್ಪ ಅಮ್ಮ ಸಾಲ ಮಾಡಿ ತಂದ ದುಡ್ಡು ಅದು.

2. ನೋಂದಣಿಯನ್ನು ಜೀವಂತವಾಗಿಡಿ

ಪರೀಕ್ಷೆ ಪಾಸಾದ ಮಾತ್ರಕ್ಕೆ ನರ್ಸ್ ಆಗುವುದಿಲ್ಲ, ರಾಜ್ಯ ಕೌನ್ಸಿಲ್‌ನಲ್ಲಿ ನೋಂದಣಿಯಾಗಬೇಕು. 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂದದ್ದು, 1961ರಲ್ಲಿ ನಮ್ಮ ರಾಜ್ಯ ದಾದಿಯರು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರಿಗಾಗಿ ತನ್ನದೇ ಕಾಯ್ದೆ ಮಾಡಿಕೊಂಡದ್ದು, 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಅಂಗೀಕರಿಸಿದ್ದು ಎಲ್ಲವೂ ಒಂದೇ ಕಾರಣಕ್ಕೆ: ರೋಗಿಯ ಮೈ ಮುಟ್ಟುವ ಕೈ ಯಾರದೆಂದು ಸಮಾಜಕ್ಕೆ ಗೊತ್ತಿರಬೇಕು. ನೋಂದಣಿ ಸಂಖ್ಯೆ ಬಾಯಿಪಾಠವಿರಲಿ. ಅದರ ನವೀಕರಣದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮದುವೆಯಾಗಿ ಹೆಸರು ಅಥವಾ ವಿಳಾಸ ಬದಲಾದರೆ ದಾಖಲೆಯಲ್ಲೂ ಬದಲಾಯಿಸಿಕೊಳ್ಳಿ. ಮಗು ಹುಟ್ಟಿತೆಂದು ನಾಲ್ಕಾರು ವರ್ಷ ಮನೆಯಲ್ಲಿದ್ದರೂ ನೋಂದಣಿ ಸಾಯಲು ಬಿಡಬೇಡಿ. ಮತ್ತೆ ಕೆಲಸಕ್ಕೆ ಹೊರಡುವ ದಿನ ಬಂದೇ ಬರುತ್ತದೆ.

3. ನಿಮ್ಮ ಗೆರೆ ಎಲ್ಲಿದೆ ಎಂದು ತಿಳಿದುಕೊಳ್ಳಿ

ಹನ್ನೆರಡು ಸೂತ್ರಗಳಲ್ಲಿ ಒಂದನ್ನೇ ಆರಿಸಿ ಎಂದರೆ ಇದನ್ನೇ ಆರಿಸುತ್ತೇನೆ. ಅಮೆರಿಕದ ಪ್ರಾಕ್ಟಿಕಲ್ ನರ್ಸ್ ಡಾಕ್ಟರ ಅಥವಾ ರಿಜಿಸ್ಟರ್ಡ್ ನರ್ಸ್‌ಗಳ ಉಸ್ತುವಾರಿಯಲ್ಲಿ ಕೆಲಸ ಮಾಡುತ್ತಾರೆ. ಏನು ಮಾಡಬಹುದು, ಏನು ಮಾಡಬಾರದು ಎಂಬುದನ್ನು ಆಯಾ ರಾಜ್ಯದ ಕಾನೂನು ಬರೆದಿಟ್ಟಿದೆ. ನಮ್ಮ ಎಎನ್‌ಎಂಗೂ ಅಂಥ ಗೆರೆ ಇದೆ.

ಆಕ್ಸಿಟೋಸಿನ್ ಇಂಜೆಕ್ಷನ್ ಈ ಗೆರೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಮಗು ಹುಟ್ಟಿದ ಮೇಲೆ, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲವೆಂದು ಖಾತ್ರಿಯಾದ ಮೇಲೆ, ತರಬೇತಿ ಪಡೆದ ಎಎನ್‌ಎಂ ಒಂದು ನಿಮಿಷದೊಳಗೆ 10 ಯೂನಿಟ್ ಕೊಟ್ಟರೆ ತಾಯಿಯ ರಕ್ತಸ್ರಾವ ತಡೆಯಬಹುದು. ಅದೇ ಇಂಜೆಕ್ಷನ್ನನ್ನು ಹೆರಿಗೆ ಬೇಗ ಆಗಲಿ ಎಂದು ಮೊದಲೇ ಚುಚ್ಚಿದರೆ ಗರ್ಭಕೋಶ ಹರಿಯಬಹುದು, ಮಗುವಿಗೆ ಉಸಿರು ಕಟ್ಟಬಹುದು. ಔಷಧಿ ಒಂದೇ. ಗೆರೆಯ ಈಚೆ ಜೀವ ಉಳಿಸುತ್ತದೆ, ಆಚೆ ಜೀವ ತೆಗೆಯುತ್ತದೆ.

'ಸುಸ್ತಾಗಿದೆ ಸಿಸ್ಟರಮ್ಮ, ಒಂದು ಗ್ಲೂಕೋಸ್ ಹಾಕಿಬಿಡಿ' ಎನ್ನುತ್ತಾರೆ. 'ಹೋದ ಸಲದ ಮಾತ್ರೆಯನ್ನೇ ಕೊಡಿ' ಎನ್ನುತ್ತಾರೆ. ದುಡ್ಡು ಕೊಡುತ್ತೇವೆ ಎಂದೂ ಹೇಳುತ್ತಾರೆ. 'ಇದು ಡಾಕ್ಟ್ರು ನೋಡಬೇಕಾದ್ದಮ್ಮ, ಬನ್ನಿ ಚೀಟಿ ಬರೆದುಕೊಡ್ತೀನಿ' ಎಂದು ನಗುಮುಖದಿಂದ ಹೇಳುವುದನ್ನು ಕಲಿಯಿರಿ. ಗೆರೆ ದಾಟದ ನರ್ಸಮ್ಮ ಗೆರೆಯೊಳಗೆ ಹೇಳಿದ ಮಾತಿಗೆ ತೂಕ ತಾನಾಗಿ ಬರುತ್ತದೆ.

4. ಡಾಕ್ಟರ ಬಳಿ ಅಂಕಿಗಳಲ್ಲಿ ಮಾತನಾಡಿ

'ಸಾರ್, ಆಕೆಗೆ ಯಾಕೋ ತುಂಬಾ ಸುಸ್ತು' ಎಂದರೆ ಫೋನಿನ ಆಚೆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. 'ಎಂಟು ತಿಂಗಳ ಬಸುರಿ, ಬಿಪಿ 160/110, ಮೂತ್ರದಲ್ಲಿ ಅಲ್ಬುಮಿನ್ ಇದೆ, ತಲೆನೋವು, ಕಣ್ಣು ಮಂಜು' ಎಂದರೆ ಅವರು ಕುರ್ಚಿಯಿಂದ ಏಳುತ್ತಾರೆ. ಮೂರು ಅಂಕಿ ಸದಾ ನೆನಪಿರಲಿ. ಬಿಪಿ 140/90 ಮುಟ್ಟಿದರೆ ಎಚ್ಚರ. ಬಸುರಿಯ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ. 7ಕ್ಕಿಂತ ಕೆಳಗಿಳಿದರೆ ತೀವ್ರ ರಕ್ತಹೀನತೆ, ಕೂಡಲೇ ದೊಡ್ಡ ಆಸ್ಪತ್ರೆ. ಪ್ರತಿ ತಿಂಗಳ 9ನೇ ತಾರೀಖು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ದಿನ, ಅಂದು ಬಸುರಿಯರನ್ನು ವೈದ್ಯರೇ ಪರೀಕ್ಷಿಸುತ್ತಾರೆ. ಅಪಾಯದ ಪಟ್ಟಿಯಲ್ಲಿರುವ ಒಬ್ಬ ಬಸುರಿಯೂ ಆ ದಿನ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಿ.

5. ನೋಡಿದ್ದನ್ನೇ ಬರೆಯಿರಿ

ರಿಜಿಸ್ಟರು ತುಂಬಿಸುವುದೇ ದೊಡ್ಡ ಕೆಲಸವಾಗಿದೆ ಎಂದು ಅನೇಕರು ನೊಂದುಕೊಳ್ಳುತ್ತಾರೆ. ಆ ನೋವಿನಲ್ಲಿ ನಿಜವಿದೆ. ಒಂದು ಉಪಕೇಂದ್ರಕ್ಕೆ ಬಯಲುಸೀಮೆಯಲ್ಲಿ 5,000 ಜನ ಎಂಬುದು ಲೆಕ್ಕ. ಪುಸ್ತಕದ ಮೇಲೆ ಪುಸ್ತಕ, ಈಗ ಮೊಬೈಲಿನಲ್ಲೂ ದಾಖಲೆ. ಹಾಗೆಂದು ಬಿಪಿ ನೋಡದೆ ಎಲ್ಲರ ಹೆಸರಿನ ಮುಂದೆ 120/80 ಎಂದು ಬರೆದುಬಿಡುವುದು ಮಹಾಪರಾಧ. ಆ ಅಂಕಿಯನ್ನು ನಂಬಿ ಮುಂದಿನ ಆಸ್ಪತ್ರೆಯ ವೈದ್ಯರು ನಿರ್ಧಾರ ತೆಗೆದುಕೊಳ್ಳುತ್ತಾರೆ. ನೋಡಲಾಗದಿದ್ದರೆ 'ನೋಡಿಲ್ಲ' ಎಂದೇ ಬರೆಯಿರಿ. ತಾಯಿ ಕಾರ್ಡಿನಲ್ಲಿ ದಿನಾಂಕ, ಸಮಯ, ಕೊಟ್ಟ ಔಷಧಿ, ಹೇಳಿದ ಸಲಹೆ, ನಿಮ್ಮ ಸಹಿ ಇರಲಿ. ಏನಾದರೂ ಅನಾಹುತವಾಗಿ ವಿಚಾರಣೆ ನಡೆದಾಗ ನಿಮ್ಮ ಪರವಾಗಿ ಮಾತನಾಡುವುದು ಆ ಬರಹವೊಂದೇ.

6. ಲಸಿಕೆಯ ದಿನ ಅವಸರ ಬೇಡ

ಗುರುವಾರ ಬಂತೆಂದರೆ ಅಂಗನವಾಡಿಯ ಮುಂದೆ ತಾಯಂದಿರ ಸಾಲು. ಅಂದು ನಿಮ್ಮ ಕೆಲಸವನ್ನು ಇಡೀ ಊರು ನೋಡುತ್ತದೆ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಸೀಸೆಯ ಮೇಲಿನ ಗುರುತು ನೋಡಿ: ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು, ಎರಡೂ ಒಂದೇ ಬಣ್ಣಕ್ಕೆ ತಿರುಗಿದ್ದರೆ ಬಳಸಲೇಬಾರದು. ಬಿಸಿಜಿ ಮತ್ತು ದಡಾರ-ರುಬೆಲ್ಲಾ ಲಸಿಕೆಯನ್ನು ಕರಗಿಸಿದ ಸಮಯ ಸೀಸೆಯ ಮೇಲೆ ಬರೆಯಿರಿ, ನಾಲ್ಕು ಗಂಟೆ ದಾಟಿದರೆ ಉಳಿದದ್ದನ್ನು ಮುಟ್ಟಬೇಡಿ.

ಪ್ರತಿ ತಾಯಿಗೂ ನಾಲ್ಕು ಮಾತು ಹೇಳಿ: ಇದು ಯಾವ ಲಸಿಕೆ, ಯಾವ ಕಾಯಿಲೆ ತಡೆಯುತ್ತದೆ; ಜ್ವರ, ಊತ ಬಂದರೆ ಏನು ಮಾಡಬೇಕು; ಮತ್ತೆ ಯಾವಾಗ ಬರಬೇಕು; ಕಾರ್ಡು ಜೋಪಾನ, ಬರುವಾಗ ತನ್ನಿ. ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ. 2011ರ ಜನವರಿಯ ನಂತರ ಭಾರತದಲ್ಲಿ ಕಾಡು ಪೋಲಿಯೊದ ಒಂದು ಪ್ರಕರಣವೂ ಕಂಡಿಲ್ಲ. 2021ರ ಅಕ್ಟೋಬರ್ 21ಕ್ಕೆ ದೇಶ ಕೊರೊನಾ ಲಸಿಕೆಯ 100 ಕೋಟಿ ಡೋಸ್ ಮುಟ್ಟಿತು. ಇವೆರಡರ ಹಿಂದೆಯೂ ಐಸ್ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ನಡೆದ ಸಿಸ್ಟರ್‌ಗಳಿದ್ದಾರೆ.

7. ನೋವಿಗೆ ನಾಲ್ಕು ಭಾಷೆಯ ಹೆಸರು ಕಲಿಯಿರಿ

ಕಾಮಸಮುದ್ರದಲ್ಲಿ ಒಬ್ಬಳು 'ನೋವು' ಎಂದರೆ ಇನ್ನೊಬ್ಬಳು 'ನೊಪ್ಪಿ' ಎನ್ನುತ್ತಾಳೆ. ಚಿನ್ನದ ಗಣಿಯ ಊರು ಕೆಜಿಎಫ್‌ನಿಂದ ಬಂದವಳು 'ವಲಿ' ಎಂದಾಳು, ಮತ್ತೊಬ್ಬಳು 'ದರ್ದ್' ಎಂದಾಳು. ವ್ಯಾಕರಣ ಬೇಕಾಗಿಲ್ಲ. ನೋವು, ರಕ್ತ, ಜ್ವರ, ತಲೆಸುತ್ತು, ಮಗು ಮಿಸುಕುವುದು, ನೀರು ಹೋಗುವುದು, ಇಷ್ಟಕ್ಕೆ ನಾಲ್ಕೂ ಭಾಷೆಯ ಮಾತು ಬಂದರೆ ಸಾಕು. ಹೆರಿಗೆ ಮನೆಯಲ್ಲಿ ಹೆದರಿದ ಹುಡುಗಿಗೆ ತನ್ನ ತಾಯಿಯ ಮಾತು ಕಿವಿಗೆ ಬಿದ್ದರೆ ಅರ್ಧ ಧೈರ್ಯ ಬಂದಂತೆ.

8. ಊರಿನ ನೀರು, ಗಾಳಿ, ಅಡುಗೆ ತಿಳಿದಿರಲಿ

ಪಠ್ಯಪುಸ್ತಕ ಇಡೀ ದೇಶಕ್ಕೆ ಒಂದೇ. ನಿಮ್ಮ ಊರಿನ ರೋಗವನ್ನು ನೀವೇ ಓದಿಕೊಳ್ಳಬೇಕು. ಕೋಲಾರ ಜಿಲ್ಲೆಯ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ದೊಡ್ಡವರ ಕೀಲುಗಳಲ್ಲಿ ಬಿಗಿತ. ಹಲ್ಲು ನೋಡಿದ ನರ್ಸಮ್ಮ ಆ ಮನೆಯ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಬೇಕು.

ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆದರೆ ಸುರಂಗದಲ್ಲಿ ಕಲ್ಲಿನ ದೂಳು ಕುಡಿದ ಶ್ವಾಸಕೋಶಗಳು ಇಂದಿಗೂ ನಮ್ಮ ನಡುವೆ ಕೆಮ್ಮುತ್ತಿವೆ. ಸಿಲಿಕಾ ದೂಳು ಹೊಕ್ಕ ಶ್ವಾಸಕೋಶಕ್ಕೆ ಕ್ಷಯ ಸುಲಭವಾಗಿ ತಗಲುತ್ತದೆ. ಗಣಿಯಲ್ಲಿ ದುಡಿದ ತಾತನ ಕೆಮ್ಮು ಎರಡು ವಾರ ದಾಟಿದರೆ 'ವಯಸ್ಸಾಯಿತು, ಬಿಡಿ' ಎನ್ನದೆ ಕಫದ ಪರೀಕ್ಷೆ ಮಾಡಿಸಿ. ಕ್ಷಯಕ್ಕೆ ಚಿಕಿತ್ಸೆ ಉಚಿತ, ಚಿಕಿತ್ಸೆಯಲ್ಲಿ ಇರುವಷ್ಟು ಕಾಲ ಪೌಷ್ಟಿಕ ಆಹಾರಕ್ಕೆ ಸರ್ಕಾರದಿಂದ ತಿಂಗಳಿಗೆ 1,000 ರೂಪಾಯಿಯೂ ಬರುತ್ತದೆ.

ಇನ್ನು ಕಬ್ಬಿಣದ ಮಾತ್ರೆ. ಬಸುರಿಗೆ 180 ಮಾತ್ರೆ ಎಣಿಸಿ ಕೊಡುವುದು ಸುಲಭ, ನುಂಗಿಸುವುದು ಕಷ್ಟ. ಮಲ ಕಪ್ಪಾಯಿತೆಂದು ಹೆದರಿ, ಓಕರಿಕೆ ಬಂತೆಂದು ಬೇಸತ್ತು ಎಷ್ಟೋ ಹೆಂಗಸರು ಅವನ್ನು ಡಬ್ಬಿಯಲ್ಲೇ ಬಿಡುತ್ತಾರೆ. ಕಪ್ಪಾಗುವುದು ಸಹಜವೆಂದು ಮೊದಲೇ ಹೇಳಿ. ಊಟದ ಜೊತೆಗೇ ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ, ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆ ನುಂಗಬಾರದು ಎಂದು ತಿಳಿಸಿ. ಮುದ್ದೆಗೆ ಸೊಪ್ಪಿನ ಸಾರು ಇರಲಿ, ಮೇಲೆ ಅರ್ಧ ನಿಂಬೆಹಣ್ಣು ಹಿಂಡಿಕೊಳ್ಳಲಿ. ಮನೆಯಲ್ಲಿ ಇರುವುದನ್ನೇ ಹೇಳಿದರೆ ಮಾತು ನಡೆಯುತ್ತದೆ.

9. ಹೆರಿಗೆಗೆ ಹೊರಡುವ ದಾರಿಯನ್ನು ಮೊದಲೇ ನೋಡಿಡಿ

108 ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ 2008ರಲ್ಲಿ ಬಂತು, ಅಸಂಖ್ಯ ತಾಯಂದಿರನ್ನು ಉಳಿಸಿತು. ಆದರೂ ಕಾಮಸಮುದ್ರದ ಕಾಡಂಚಿನ ಹಳ್ಳಿಗಳಲ್ಲಿ ಆನೆ ಹಿಂಡು ಇಳಿದ ರಾತ್ರಿ ರಸ್ತೆಗೆ ಕಾಲಿಡುವುದೇ ಕಷ್ಟ. ಆದ್ದರಿಂದ ಎಂಟನೇ ತಿಂಗಳಲ್ಲೇ ಮನೆಯವರನ್ನು ಕೂರಿಸಿ ಕೇಳಿ: ಯಾವ ಆಸ್ಪತ್ರೆ, ಯಾರ ಗಾಡಿ, ಜೊತೆಗೆ ಯಾರು, ರಕ್ತ ಬೇಕಾದರೆ ಕೊಡುವವರು ಯಾರು? ಅಪಾಯದ ಬಸುರಿಯಾದರೆ ದಿನ ತುಂಬುವ ಮೊದಲೇ ಆಸ್ಪತ್ರೆಯ ಹತ್ತಿರದ ನೆಂಟರ ಮನೆಗೆ ಕಳಿಸಲು ಒಪ್ಪಿಸಿ.

ಗಡಿಯ ಊರಿಗೆ ಇನ್ನೊಂದು ವಿಶೇಷವಿದೆ. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ. ತವರು ಕುಪ್ಪಂ ಕಡೆಯೋ ಕೃಷ್ಣಗಿರಿ ಕಡೆಯೋ ಇರುತ್ತದೆ. ರಾಜ್ಯ ಬದಲಾದೊಡನೆ ಆಕೆ ಇಲ್ಲಿನ ಪಟ್ಟಿಯಲ್ಲೂ ಇಲ್ಲ, ಅಲ್ಲಿನ ಪಟ್ಟಿಯಲ್ಲೂ ಇಲ್ಲ ಎಂಬಂತಾಗುತ್ತದೆ. ತಾಯಿ ಕಾರ್ಡು ಸೀರೆ ಗಂಟಿನ ಜೊತೆಗೇ ಹೋಗಬೇಕು. ಅಲ್ಲಿನ ನರ್ಸಮ್ಮನಿಗೆ ನೀವೇ ಒಂದು ಫೋನ್ ಮಾಡಿ. ಆ ಎರಡು ನಿಮಿಷ ಯಾವ ರಿಜಿಸ್ಟರಿನಲ್ಲೂ ಕಾಣುವುದಿಲ್ಲ, ಒಂದು ಜೀವದ ಲೆಕ್ಕದಲ್ಲಿ ಕಾಣುತ್ತದೆ.

10. ಕೈ ಮೃದುವಿರಲಿ, ಬಾಯಿ ಇನ್ನೂ ಮೃದುವಿರಲಿ

ಪಾವಗಡದ ಸೂಲಗಿತ್ತಿ ನರಸಮ್ಮನವರು ಓದು ಬರಹ ಕಲಿತವರಲ್ಲ. 15,000ಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಪಡೆದರು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಇಂದು ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಳೆಯ ಸೂಲಗಿತ್ತಿಯ ಮೇಲೆ ಹೆಂಗಸರಿಗಿದ್ದ ನಂಬಿಕೆಯನ್ನು ಆಸ್ಪತ್ರೆ ಇನ್ನೂ ಪೂರ್ತಿ ಗಳಿಸಿಕೊಂಡಿಲ್ಲ. ನೋವು ತಿನ್ನುವವಳನ್ನು ಗದರಬೇಡಿ, ಪರೀಕ್ಷಿಸುವ ಮೊದಲು ಹೇಳಿ ಮುಟ್ಟಿ, ಪರದೆ ಎಳೆಯಿರಿ. ಹೆಣ್ಣು ಮಗು ಹುಟ್ಟಿದಾಗ ಮೊದಲ ಸಂತೋಷದ ಮಾತು ನಿಮ್ಮ ಬಾಯಿಂದ ಬರಲಿ. ಬೈಗುಳ ತಿಂದು ಹೋದವಳು ಮುಂದಿನ ಹೆರಿಗೆಗೆ ತಡಮಾಡಿ ಬರುತ್ತಾಳೆ, ಆ ತಡದಲ್ಲೇ ಅಪಾಯವಿದೆ.

11. ನಿಮ್ಮನ್ನು ನೀವು ಕಾಪಾಡಿಕೊಳ್ಳಿ

ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸಿಕೊಳ್ಳಿ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬೇಡಿ. ಸೂಜಿ ಚುಚ್ಚಿಕೊಂಡರೆ ಸೋಪು ನೀರಿನಲ್ಲಿ ತೊಳೆದು ಕೂಡಲೇ ತಿಳಿಸಿ, ಎಚ್‌ಐವಿ ತಡೆಯುವ ಔಷಧಿಯನ್ನು ಆದಷ್ಟು ಬೇಗ, ತಡವೆಂದರೂ 72 ಗಂಟೆಯೊಳಗೆ ಶುರುಮಾಡಬೇಕು. ಮುಚ್ಚಿಟ್ಟು ಮನೆಗೆ ಹೋಗಬೇಡಿ.

ಮಾರಿಕುಪ್ಪಂ, ಬಂಗಾರಪೇಟೆಯ ರೈಲು ಹಿಡಿದು ಬೆಂಗಳೂರಿನ ಖಾಸಗಿ ಆಸ್ಪತ್ರೆಗಳಿಗೆ ಹೋಗುವ ಹುಡುಗಿಯರಿಗೆ ಪ್ರತ್ಯೇಕವಾಗಿ ಹೇಳಬೇಕಾದ ಮಾತಿದೆ. ನೇಮಕಾತಿ ಪತ್ರ ಕೇಳಿ ಪಡೆಯಿರಿ. ಪಿಎಫ್, ಇಎಸ್ಐ ಕಟ್ಟುತ್ತಾರೆಯೇ ನೋಡಿ. ಮೂಲ ಪ್ರಮಾಣಪತ್ರವನ್ನು ಯಾರ ಕೈಗೂ ಒತ್ತೆ ಇಡಬೇಡಿ, ಜೆರಾಕ್ಸ್ ಕೊಟ್ಟರೆ ಸಾಕು. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರ ಕಾಯ್ದೆ ಇದೆ, ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ 2013ರ ಕಾಯ್ದೆ ಇದೆ. ಹತ್ತು ಜನ ಕೆಲಸ ಮಾಡುವ ಕಡೆಯಲ್ಲೆಲ್ಲ ಆಂತರಿಕ ಸಮಿತಿ ಇರಲೇಬೇಕು. ಅದರಲ್ಲಿ ಯಾರಿದ್ದಾರೆಂದು ಕೆಲಸಕ್ಕೆ ಸೇರಿದ ವಾರದಲ್ಲೇ ತಿಳಿದುಕೊಳ್ಳಿ.

12. ಒಂದು ಮೆಟ್ಟಿಲಲ್ಲೇ ನಿಂತುಬಿಡಬೇಡಿ

ಬ್ರಿಟನ್ನಿನಲ್ಲಿ ಎರಡು ವರ್ಷ ಕಲಿತು ಸೇವೆ ಮಾಡುತ್ತಿದ್ದ 'ಎನ್ರೋಲ್ಡ್ ನರ್ಸ್'ಗಳಿದ್ದರು. 1990ರ ದಶಕಕ್ಕೆ ಆ ತರಬೇತಿ ನಿಂತಿತು. ಸೇತುಬಂಧ ಕೋರ್ಸು ಮಾಡಿಕೊಂಡವರು ಪೂರ್ಣ ನರ್ಸ್‌ಗಳಾದರು. ಅಮೆರಿಕದ ಪ್ರಾಕ್ಟಿಕಲ್ ನರ್ಸ್‌ಗಳಿಗೂ ರಿಜಿಸ್ಟರ್ಡ್ ನರ್ಸ್ ಆಗುವ ಸೇತು ಇದೆ. ನಮ್ಮಲ್ಲೂ ಇದೆ: ನೋಂದಾಯಿತ ಎಎನ್‌ಎಂ ಜಿಎನ್‌ಎಂ ಓದಬಹುದು, ಜಿಎನ್‌ಎಂ ನಂತರ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್‌ಸಿ ಇದೆ. ಇಲಾಖೆಯೊಳಗೇ ಬಡ್ತಿ ಪಡೆದು ಹಿರಿಯ ಹುದ್ದೆಗೆ ಏರಬಹುದು. 1973ರಿಂದ ಕೊಡುತ್ತಿರುವ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿ ಎಎನ್‌ಎಂಗಳಿಗೂ ಸಲ್ಲುತ್ತದೆ, ರಾಷ್ಟ್ರಪತಿಗಳ ಕೈಯಿಂದ.

ಮೇಲೇರುವಾಗ ಜೊತೆಯವರನ್ನು ಮರೆಯಬೇಡಿ. ಬಸುರಿಯ ಸುದ್ದಿ ಮೊದಲು ತಂದವರು ಆಶಾ ಅಕ್ಕ, ತೂಕ ನೋಡಿದವರು ಅಂಗನವಾಡಿ ಟೀಚರು. ಸಭೆಯಲ್ಲಿ ಅವರ ಹೆಸರು ಹೇಳಿ. ನಿಮ್ಮನ್ನು 'ಬರೀ ಎಎನ್‌ಎಂ' ಎಂದಾಗ ನಿಮಗಾಗುವ ನೋವು 'ಬರೀ ಆಶಾ' ಎಂದಾಗ ಅವರಿಗೂ ಆಗುತ್ತದೆ.

ಕೊನೆಯದಾಗಿ ಎರಡು ಅಂಕಿ. 2004-06ರಲ್ಲಿ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69ಕ್ಕೆ ಇಳಿಯಿತು. ದೊಡ್ಡ ಆಸ್ಪತ್ರೆಗಳೂ ಆಂಬುಲೆನ್ಸುಗಳೂ ಈ ಕೆಲಸದಲ್ಲಿ ಪಾಲುದಾರರು. ಆದರೆ ಆ ತಾಯಿಯ ಹೆಸರನ್ನು ಮೊದಲು ಬರೆದುಕೊಂಡು, ಬಿಪಿ ನೋಡಿ, 'ನೀನು ಇಲ್ಲಿ ಹೆರಬೇಡಮ್ಮ, ದೊಡ್ಡಾಸ್ಪತ್ರೆಗೆ ಹೋಗು' ಎಂದು ಸಕಾಲಕ್ಕೆ ಹೇಳಿದ್ದು ನರ್ಸಮ್ಮ. ಉಳಿದ ಸಾವುಗಳನ್ನೂ ಇಳಿಸುವ ಕೆಲಸ ಈಗ ನಿಮ್ಮ ಕೈಯಲ್ಲಿದೆ. ಬಿಪಿ ಯಂತ್ರ ಸರಿಯಿದೆಯೇ ಎಂದು ಇವತ್ತೇ ನೋಡಿಕೊಳ್ಳಿ.